ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು

ದೊಡ್ಡಮ್ಮ ತೀರಿಕೊಂಡಾಗ ಯಾರೋ ಕೇಳಿದರು, ‘ಅವರು ಏನು ಮಾಡ್ತಿದ್ದರು?’ ಬೀಡಿ ಕಟ್ಟುತ್ತಿದ್ದರು. ಮಂಗಳೂರು ಕಡೆ ಸಾವಿರಾರು ಹೆಂಗಸರು ಮಾಡಿದ ಕೆಲಸ. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಲೆಕ್ಕ ಹಾಕಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವುದು. ನಮ್ಮ ಶಾಲೆ ಫೀಸು, ಅಕ್ಕನ ಮದುವೆ, ಮಾಡಿನ ಹಂಚು ಎಲ್ಲ ಆ ದುಡ್ಡಿನದ್ದೇ. ಇದಕ್ಕಿಂತ ದೊಡ್ಡ ಅರ್ಥ ಒಂದು ಬದುಕಿಗೆ ಬೇಕಾ? ನನಗಂತೂ ಬೇಡ.

ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ನಾವು ತೀರಿಕೊಂಡವರಿಗೆ ಅಗೆಲು, ಅಂದರೆ ಅವರ ಹೆಸರಿನ ಎಡೆ, ಬಡಿಸುತ್ತೇವೆ. ಅಲ್ಲಿ ಯಾರೂ ಸಾಧನೆ ಕೇಳುವುದಿಲ್ಲ, ಅವರಿಗೆ ಯಾವ ಊಟ ಇಷ್ಟ ಅಂತ ನೆನಪು ಮಾಡ್ತಾರೆ, ಎಷ್ಟು ಒಳ್ಳೆಯದಲ್ವಾ. ದೊಡ್ಡಮ್ಮನಿಗೆ ಬಂಗುಡೆ ಮೀನಿನ ಹುಳಿಖಾರದ ಸಾರು, ಪುಳಿಮುಂಚಿ, ಅಂದ್ರೆ ಜೀವ. ಆದರೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ತಾಜಾ ಮೀನು ಸಿಗೋದು ಕಷ್ಟ. ಆಗಸ್ಟಿನಲ್ಲೇ ಬಡಿಸೋಣ ಅಂತ ಅಮ್ಮನಿಗೆ ಹೇಳಿದ್ದೇನೆ.