ಬಿಸಿಲ ನಾಡಿನಿಂದ ಮಂಗಳೂರಿನ ಕಡಲಿಗೆ

ಕಲಬುರಗಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಅವ್ವ ಅರವತ್ತೆರಡು ವರ್ಷಗಳಲ್ಲಿ ಕಂಡ ದೊಡ್ಡ ನೀರೆಂದರೆ ಮಳೆಗಾಲದಲ್ಲಿ ತುಂಬಿ ಹರಿಯುವ ಭೀಮಾ ನದಿ. ಸಮುದ್ರ ನೋಡಬೇಕೆಂಬ ಅವಳ ಆಸೆಗಾಗಿ ಕಳೆದ ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ನಾಲ್ಕು ದಿನ ಮಂಗಳೂರಿಗೆ ಹೋಗಿ ಬಂದೆವು.

ನಾವು ರಾತ್ರಿ ಬಸ್ಸಿನಲ್ಲಿ ಹೋದೆವು. ದಾರಿ ಬಹಳ ದೂರ. ವಯಸ್ಸಾದವರಿದ್ದರೆ ಮಲಗುವ ಆಸನವನ್ನೇ ಕಾಯ್ದಿರಿಸಿ, ತಲುಪಿದ ದಿನ ವಿಶ್ರಾಂತಿಗೇ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಕ್ಕುತ್ತಿರುತ್ತದೆ, ನೀರಿಗಿಳಿಯುವಂತಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆಗಲೂ ಮಧ್ಯಾಹ್ನದ ಸೆಕೆಯನ್ನು ಹಗುರವಾಗಿ ಎಣಿಸಬೇಡಿ. ನಲವತ್ತೆರಡು ಡಿಗ್ರಿ ತಡೆದುಕೊಂಡ ನಮಗೇನು ಎಂದುಕೊಂಡಿದ್ದೆವು. ಆದರೆ ನಮ್ಮ ಬಿಸಿಲು ಸುಡುತ್ತದೆ, ಅಲ್ಲಿನದು ಬೇಯಿಸುತ್ತದೆ. ಬೆವರು ಆರುವುದಿಲ್ಲ, ಒಗೆದ ಬಟ್ಟೆಯೂ ಬೇಗ ಒಣಗುವುದಿಲ್ಲ. ತೆಳು ಹತ್ತಿ ಬಟ್ಟೆಗಳನ್ನು ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಕಡಲ ತೀರಕ್ಕೆ ಬೆಳಗ್ಗೆ ಅಥವಾ ನಾಲ್ಕರ ನಂತರ ಹೋಗಿ, ನಡುವಿನ ಹೊತ್ತನ್ನು ಕದ್ರಿ ಮಂಜುನಾಥ ದೇವಸ್ಥಾನಕ್ಕೋ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳಿಗೋ ಇಡಿ.

ಹಂಪನಕಟ್ಟೆಯ ಸುತ್ತ ಉಳಿದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ ಹತ್ತಿರ. ಪಣಂಬೂರು, ಸುರತ್ಕಲ್, ಉಳ್ಳಾಲದ ಕಡಲ ತೀರಗಳ ಕಡೆಗೆ ಅಲ್ಲಿಂದ ಖಾಸಗಿ ಸಿಟಿ ಬಸ್ಸುಗಳು ಸಿಗುತ್ತವೆ. ಎಲ್ಲದಕ್ಕೂ ಟ್ಯಾಕ್ಸಿ ಹಿಡಿಯುವ ಅಗತ್ಯವಿಲ್ಲ. ಜನ ತಮ್ಮೊಳಗೆ ತುಳು, ಕೊಂಕಣಿ, ಬ್ಯಾರಿ ಮಾತಾಡಿದರೂ ನಮಗೆ ಅಚ್ಚುಕಟ್ಟಾದ ಕನ್ನಡದಲ್ಲಿಯೇ ಉತ್ತರಿಸುತ್ತಾರೆ.

ಊಟದಲ್ಲಿ ಅವ್ವನಿಗೆ ಮೊದಲ ದಿನ ಕಷ್ಟವಾಯಿತು. ಅನ್ನ ಎಂದರೆ ದಪ್ಪ ಕುಚ್ಚಲಕ್ಕಿ ಅನ್ನ ಬಂತು. ಬಿಳಿ ಅನ್ನ ಬೇಕಿದ್ದರೆ ‘ಬೆಳ್ತಿಗೆ’ ಎಂದು ಕೇಳಿ. ಕೋರಿ ರೊಟ್ಟಿ ಎಂದಾಗ ನಮ್ಮ ಜೋಳದ ರೊಟ್ಟಿಯನ್ನು ನೆನೆಯಬೇಡಿ. ಅದು ಅಕ್ಕಿಯ ಗರಿಗರಿ ಹಾಳೆ, ಕೋಳಿ ಸಾರಿನಲ್ಲಿ ನೆನೆಸಿ ತಿನ್ನುವಂಥದ್ದು. ಹಿರಿಯರಿಗಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಆದರೆ ನೀರುದೋಸೆ, ಗೋಳಿಬಜೆ, ಬಾಳೆಹಣ್ಣು ಹಾಕಿ ಕರಿದ ಬನ್ಸ್ ತಿನ್ನದೆ ಬರಬೇಡಿ.

ಇನ್ನು ನೀರಿನ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹೊಲದ ಬಾವಿಯಲ್ಲಿ ಈಜು ಕಲಿತ ನನ್ನ ತಮ್ಮ ಪಣಂಬೂರಿನಲ್ಲಿ ಧೈರ್ಯದಿಂದ ಇಳಿದ. ನೀರು ಇನ್ನೂ ತೊಡೆಮಟ್ಟದಲ್ಲಿತ್ತು. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಅವನನ್ನು ಕೆಡವಿತು. ಜೀವರಕ್ಷಕರು ಸೀಟಿ ಊದುತ್ತ ಓಡಿ ಬಂದು ಮೇಲಕ್ಕೆ ಎಳೆದರು. ಬಾವಿಯ ನೀರು ನಿಂತಿರುತ್ತದೆ, ಕಡಲು ಎಳೆಯುತ್ತದೆ ಎಂದು ಅವರು ತಿಳಿಸಿ ಹೇಳಿದರು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬಾರದು. ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸದಿಂದ ಹಿಂದಿರುಗುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಸೋಮೇಶ್ವರದ ರುದ್ರಶಿಲೆಯ ಬಂಡೆಗಳು ನೋಡಲು ಬಲು ಚಂದ, ಅಲ್ಲಿ ನೀರಿಗಿಳಿಯುವ ಯೋಚನೆಯೇ ಬೇಡ.

ಅವ್ವನಿಗೆ ಮೆಚ್ಚಿಗೆಯಾದದ್ದು ತಣ್ಣೀರುಬಾವಿ ಎಂಬ ಕಡಲ ತೀರ. ಶತ್ರುಗಳ ಹಡಗುಗಳು ನದಿಯೊಳಗೆ ಬಾರದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಕಾವಲು ಗೋಪುರವನ್ನು ನೋಡಿಕೊಂಡು, ಅಲ್ಲಿಂದಲೇ ದೋಣಿಯಲ್ಲಿ ಗುರುಪುರ ನದಿ ದಾಟಿದೆವು. ಆಚೆ ದಡದಲ್ಲಿ ಸ್ವಲ್ಪ ನಡೆದರೆ ಕಡಲು. ಅಲೆ ಪಾದ ತೊಳೆದು ಹೋಗುವಷ್ಟು ದೂರದಲ್ಲಿ ಅವ್ವ ಮರಳ ಮೇಲೆ ಕುಳಿತವಳು ಸೂರ್ಯ ಮುಳುಗಿದ ಮೇಲೂ ಏಳಲಿಲ್ಲ. ನಮಗೂ ಎಬ್ಬಿಸುವ ಮನಸ್ಸಾಗಲಿಲ್ಲ. ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ, ಕತ್ತಲಲ್ಲಿ ಆಟೊ ಹಿಡಿದು ಕೂಳೂರು ಸೇತುವೆಯ ಮೇಲಿಂದ ಸುತ್ತಿಕೊಂಡು ಊರೊಳಗೆ ಬಂದೆವು.