ಲ್ಯಾಂಕಾಸ್ಟರ್ ಕೆಬಿ 726: ಬಾಲದ ಟರೆಟ್ ಕೊನೆಗೂ ಕೂತಿತು

ಗೆದ್ದೆ! ರೆಕ್ಕೆ, ಪುಟ್ಟಿ, ಪ್ರೈಮರ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡೋಣ. ಎರಡನೇ ಮಹಾಯುದ್ಧದ ಬಾಂಬರ್ ಲ್ಯಾಂಕಾಸ್ಟರ್‌ನ ಈ 1/72 ಅಳತೆಯ ಮಾದರಿಯಲ್ಲಿ ನನ್ನನ್ನು ಗೋಳು ಹೊಯ್ದುಕೊಂಡದ್ದು ಬಾಲದ ತುದಿಯ ಟರೆಟ್, ಅಂದರೆ ಗನ್ನರ್ ಕೂತು ಗುಂಡು ಹಾರಿಸುವ, ತಿರುಗುವ ಪುಟ್ಟ ಗಾಜಿನ ಗೂಡು.

ಕಿಟ್‌ನಲ್ಲಿ ಬಂದ ಪಾರದರ್ಶಕ ತುಂಡು ಪೂರ್ತಿ ಮಬ್ಬು. ಅಂಗಡಿಯವರಿಗೆ ಫೋಟೋ ಕಳಿಸಿದೆ. ವಾರಗಟ್ಟಲೆ ಕಾಯಿಸಿ ಬದಲಿ ಕಳಿಸಿದರು. ಅದರಲ್ಲಿ ಗನ್ನರ್ ಮುಖ ಬರುವ ಜಾಗದಲ್ಲೇ ಬಿರುಕು! ಅಷ್ಟು ದುಡ್ಡು ತಗೊಂಡು ಹೀಗಾ ಮಾಡೋದು? ಬೇರೆ ವಿಮಾನವಾಗಿದ್ದರೆ ಒಳಗೆ ಕಪ್ಪು ಬಳಿದು ಸುಮ್ನಾಗುತ್ತಿದ್ದೆ. ಇದರಲ್ಲಿ ಹಾಗೆ ಮಾಡಲು ಮನಸ್ಸು ಬರಲಿಲ್ಲ.

1944ರ ಜೂನ್ 12ರ ರಾತ್ರಿ ಕೆನಡಾ ವಾಯುಪಡೆಯ 419ನೇ ಸ್ಕ್ವಾಡ್ರನ್ನಿನ ನಿಜವಾದ ಕೆಬಿ 726 ವಿಮಾನ ಫ್ರಾನ್ಸಿನ ಕಾಂಬ್ರೆ ರೈಲ್ವೆ ಯಾರ್ಡ್ ಮೇಲೆ ಬಾಂಬ್ ಹಾಕಲು ಹೊರಟಿತ್ತು. ಜರ್ಮನ್ ಫೈಟರ್ ಗುಂಡಿಗೆ ಎಡಗಡೆಯ ಎರಡೂ ಇಂಜಿನ್ ಹೋದವು, ಬೆಂಕಿ ಹತ್ತಿತು. ಬಾಲದ ಟರೆಟ್ಟನ್ನು ತಿರುಗಿಸುವ ಹೈಡ್ರಾಲಿಕ್ ಒತ್ತಡ ಬರುವುದೇ ಎಡಗಡೆಯ ಹೊರ ಇಂಜಿನ್ನಿನಿಂದ. ಟರೆಟ್ ಅಲುಗಾಡದೆ ನಿಂತಿತು. ಕೈಯಿಂದ ತಿರುಗಿಸಲು ಹೋದರೆ ಆ ಸಲಕರಣೆಯೂ ಮುರಿಯಿತು. ಗನ್ನರ್ ಪ್ಯಾಟ್ ಬ್ರೋಫಿ ಒಳಗೇ ಸಿಕ್ಕಿಬಿದ್ದ.

ಬೆನ್ನಿನ ಟರೆಟ್ಟಿನ ಗನ್ನರ್ ಆಂಡ್ರ್ಯೂ ಮಿನಾರ್ಸ್ಕಿ, ವಿನಿಪೆಗ್‌ನ ಹುಡುಗ, 27 ವರ್ಷ. ಜಿಗಿಯಲು ಬಾಗಿಲಿಗೆ ಬಂದವನು ಸ್ನೇಹಿತನನ್ನು ನೋಡಿ ಬೆಂಕಿಯೊಳಗೇ ಹಿಂದಕ್ಕೆ ನುಗ್ಗಿದ. ಎಷ್ಟು ಒದ್ದಾಡಿದರೂ ಟರೆಟ್ ಬಿಡಲಿಲ್ಲ. ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ನೀನು ಹೋಗು ಎಂದು ಬ್ರೋಫಿ ಕೈಸನ್ನೆ ಮಾಡಿದ. ಮಿನಾರ್ಸ್ಕಿ ಉರಿಯುತ್ತಲೇ ಬಾಗಿಲಿಗೆ ಮರಳಿ, ಬ್ರೋಫಿಯ ಕಡೆ ತಿರುಗಿ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು ಜಿಗಿದ. ಸುಟ್ಟ ಗಾಯಗಳಿಂದ ತೀರಿಕೊಂಡ. ವಿಮಾನ ನೆಲಕ್ಕಪ್ಪಳಿಸಿದಾಗ ಒಳಗಿದ್ದ ಬ್ರೋಫಿ ಮಾತ್ರ ಬದುಕಿಬಿಟ್ಟ! ಅವನು ಹೇಳಿದ್ದರಿಂದಲೇ ಇದೆಲ್ಲ ಹೊರಬಂತು. 1946ರಲ್ಲಿ ಮಿನಾರ್ಸ್ಕಿಗೆ ಶೌರ್ಯದ ಅತ್ಯುನ್ನತ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಆ ಗೂಡನ್ನು ಮಬ್ಬಾಗಿ ಬಿಡೋಕಾಗುತ್ತಾ, ಹೇಳಿ?

ದಾರಿ ಸಿಕ್ಕಿದ್ದು ಹೀಗೆ. ಮಬ್ಬು ತುಂಡಿನ ಒಳಗೆ ವ್ಯಾಸಲೀನ್ ಸವರಿ ಎಂ-ಸೀಲ್ ತುಂಬಿದೆ. ಗಟ್ಟಿಯಾದ ಮೇಲೆ ತುಂಡನ್ನು ಒಡೆದು ತೆಗೆದೆ. ಒಳಗಿನ ಅಚ್ಚು ಗಾಜಿನ ದಪ್ಪದಷ್ಟು ಚಿಕ್ಕದಾಗಿರುತ್ತೆ, ಅದೇ ಬೇಕಾದದ್ದು. ಅದನ್ನು ನುಣ್ಣಗೆ ಉಜ್ಜಿ ಕಡ್ಡಿಗೆ ಸಿಕ್ಕಿಸಿದೆ. ಸ್ವೀಟ್ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಕತ್ತರಿಸಿ, ಹೀಟ್ ಗನ್‌ನಲ್ಲಿ ಜೋತುಬೀಳುವ ತನಕ ಕಾಯಿಸಿ, ಅಚ್ಚಿನ ಮೇಲೆ ಒಂದೇ ಬಿರುಸಿಗೆ ಎಳೆದೆ. ಜಾಸ್ತಿ ಕಾಯಿಸಿದರೆ ಗುಳ್ಳೆ ಏಳುತ್ತೆ, ಹುಷಾರು. ಅಂಟಿಸಲು ಫೆವಿಕಾಲ್ ಮಾತ್ರ, ಸೂಪರ್ ಗ್ಲೂ ಹೊಗೆ ಗಾಜನ್ನು ಬೆಳ್ಳಗೆ ಮಾಡುತ್ತೆ. ಚೌಕಟ್ಟಿಗೆ ಬಣ್ಣ ಬಳಿದ ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಪಟ್ಟಿ. ಈಗ ನಾಲ್ಕು ಬ್ರೌನಿಂಗ್ ಮಷಿನ್ ಗನ್ನುಗಳ ಹಿಂದೆ ಕೂತವನ ಮುಖ ಚೆನ್ನಾಗಿ ಕಾಣುತ್ತೆ.

ಇನ್ನೊಂದು ಮಾತು. ಕೆನಡಾದಲ್ಲಿ ಕಟ್ಟಿದ ಲ್ಯಾಂಕಾಸ್ಟರ್ ಅಂತ ಬೆನ್ನ ಮೇಲೆ ಮಾರ್ಟಿನ್ ಕಂಪನಿಯ ಟರೆಟ್ ಕೂರಿಸಬೇಡಿ, ಅದು ಇದಾದ ಮೇಲೆ ಕಟ್ಟಿದವಕ್ಕೆ ಬಂದದ್ದು.

ಮುಂದಿನ ಮಾದರಿ ಅಮೆರಿಕದ ಬಾಂಬರ್ ಲಿಬರೇಟರ್. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದವನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ರಿಪೇರಿ ಮಾಡಿ ಹಾರಿಸಿದರಲ್ವಾ, ಅವುಗಳಲ್ಲಿ ಒಂದು ಈಗ ಒಟ್ಟಾವಾದ ಮ್ಯೂಸಿಯಂನಲ್ಲಿದೆ. ಅದನ್ನೇ ಮಾಡಬೇಕು. ನಮ್ಮ ವಾಯುಪಡೆಯ ಗುರುತಿನ ಡೀಕಾಲ್ 1/72ರಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.