ಚೆನ್ನಮ್ಮನಿಂದ ಹೊನ್ನಮ್ಮನಿಗೆ ಎಷ್ಟು ದೂರ?

ನಮ್ಮೂರಿನ ಹಾಲಿನ ಸಂಘದ ಕಾರ್ಯದರ್ಶಿ ನನಗೆ ಎರಡು ಪಟ್ಟಿ ಕೊಟ್ಟರು. ಒಂದು ಹಳೆಯ ಸದಸ್ಯರ ಪುಸ್ತಕದಿಂದ ಟೈಪ್ ಮಾಡಿಸಿದ್ದು, ಇನ್ನೊಂದು ಬ್ಯಾಂಕ್ ಖಾತೆಗಳದ್ದು. ಅಲ್ಲಿ ಚನ್ನಮ್ಮ, ಇಲ್ಲಿ ಚೆನ್ನಮ್ಮ. "ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಖಾತೆಗೆ ಹೋಗಬಾರದು, ಅಷ್ಟು ನೋಡಿಕೊಡಪ್ಪ" ಎಂದರು.

ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಸಲ ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು? ಆ ಎಣಿಕೆಯೇ ಎರಡು ಪದಗಳ ನಡುವಿನ ದೂರ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆಯಿದು. ಚಿಕ್ಕ ತುಂಡುಗಳ ಉತ್ತರ ಬರೆದಿಟ್ಟುಕೊಂಡು ದೊಡ್ಡದನ್ನು ಬಿಡಿಸುವ ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ವಿಧಾನ ಅದನ್ನು ಒಂದು ಕೋಷ್ಟಕದಲ್ಲಿ ಲೆಕ್ಕ ಹಾಕುತ್ತದೆ. ಪ್ರೋಟೀನುಗಳನ್ನು ಹೋಲಿಸಲು ನೀಡಲ್‌ಮನ್ ಮತ್ತು ವುನ್ಷ್ ಎಂಬ ವಿಜ್ಞಾನಿಗಳು 1970ರಲ್ಲಿ ಹಿಡಿದ ದಾರಿಯೂ ಇಂಥದೇ. ಜೀವಕೋಶಕ್ಕೂ ಹಾಲಿನ ಲೆಕ್ಕಕ್ಕೂ ಒಂದೇ ಉಪಾಯ ಸಲ್ಲುತ್ತದೆಂಬುದು ನನಗೆ ಇಂದಿಗೂ ಬೆರಗು.

ಕೈಯಲ್ಲಿ ಬಿಡಿಸಿ ನೋಡದೆ ಪ್ರೋಗ್ರಾಮ್ ಬರೆಯುವುದು ನನಗೆ ಒಗ್ಗುವುದಿಲ್ಲ. ಚೌಕುಳಿ ಹಾಳೆ ತೆಗೆದುಕೊಂಡೆ. ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರ ಕೂಡಿಸುವ ಚಿಹ್ನೆ (್) ಒಂದೊಂದೂ ಬೇರೆ ಸಂಕೇತ. ಆ ಲೆಕ್ಕದಲ್ಲಿ ಚನ್ನಮ್ಮ ಏಳು ಸಂಕೇತ, ಚೆನ್ನಮ್ಮ ಎಂಟು. ಮೊದಲನೆಯದನ್ನು ಕೆಳಮುಖವಾಗಿ, ಎರಡನೆಯದನ್ನು ಅಡ್ಡಲಾಗಿ ಬರೆದೆ. ಖಾಲಿ ಪದಕ್ಕೆಂದು ಒಂದು ಸಾಲು, ಒಂದು ಕಂಬ ಹೆಚ್ಚು. ಒಟ್ಟು 72 ಮನೆ. ಒಂದೊಂದು ಮನೆಯಲ್ಲೂ ಎರಡು ಹೆಸರುಗಳ ಅಲ್ಲಿಯವರೆಗಿನ ತುಂಡುಗಳ ದೂರ. ಪ್ರತಿ ಮನೆಯೂ ಮೂರು ನೆರೆಮನೆಗಳನ್ನು ಕೇಳುತ್ತದೆ: ಮೇಲಿನದು, ಎಡದ್ದು, ಓರೆಯದು. ಮೇಲಿನಿಂದ ಅಥವಾ ಎಡದಿಂದ ಬಂದರೆ ಒಂದು ಕೂಡಬೇಕು. ಓರೆಯಾಗಿ ಬಂದರೆ ಸಂಕೇತ ಒಂದೇ ಆಗಿದ್ದಾಗ ಏನೂ ಇಲ್ಲ, ಬೇರೆಯಾದರೆ ಒಂದು. ಮೂರರಲ್ಲಿ ಕಡಿಮೆಯದನ್ನು ಬರೆಯುವುದು. ಚ ಮತ್ತು ಚ ಸೇರುವ ಮನೆಯಲ್ಲಿ ಸೊನ್ನೆ. ಪಕ್ಕದ ಎತ್ವದ ಮನೆಯಲ್ಲಿ 1. ಆ 1 ಓರೆಯಾಗಿ ಇಳಿಯುತ್ತ ಹೆಚ್ಚದೆ, ತಗ್ಗದೆ ಕೊನೆಯ ಮೂಲೆ ಮುಟ್ಟಿತು. ಒಮ್ಮೆ ಬರೆದ ಉತ್ತರವನ್ನು ಮತ್ತೆ ಹುಡುಕುವ ಕೆಲಸವಿಲ್ಲ. ಈ ವಿಧಾನದ ಜೀವಾಳವೇ ಅದು.

ಸಂಕೇತದ ಬದಲು ಇಡೀ ಅಕ್ಷರವನ್ನೇ ಎಣಿಸಿದರೆ ಹೇಗೆ? ಚ-ನ್ನ-ಮ್ಮ, ಚೆ-ನ್ನ-ಮ್ಮ: ದೂರ ಒಂದು. ಆದರೆ ಚೆನ್ನಮ್ಮ, ಹೊನ್ನಮ್ಮರ ನಡುವೆಯೂ ಒಂದೇ! ನಮ್ಮ ಪಟ್ಟಿಯಲ್ಲಿ ಹೊನ್ನಮ್ಮ ಬೇರೆಯೇ ಮನೆಯವರು. ಅವರ ಹಸುವಿನ ಹಾಲು ಚೆನ್ನಮ್ಮನವರ ಲೆಕ್ಕಕ್ಕೆ ಸೇರುವುದು ಅನ್ಯಾಯ. ಹಾಗಾಗಿ ಸಂಕೇತಗಳಿಗೇ ಮರಳಿ ತೂಕ ಕಟ್ಟಿದೆ: ಗುಣಿತದ ಚಿಹ್ನೆ ಕೂಡಿದರೆ, ಬಿಟ್ಟರೆ, ಬದಲಾದರೆ ಅರ್ಧ, ವ್ಯಂಜನಕ್ಕೆ ಒಂದು. ಈಗ ಚೆನ್ನಮ್ಮನಿಂದ ಚನ್ನಮ್ಮ ಅರ್ಧ ದೂರದಲ್ಲಿ, ಹೊನ್ನಮ್ಮ ಒಂದೂವರೆಯಲ್ಲಿ. ಕನ್ನಡ ಹೆಸರುಗಳನ್ನು ಹೋಲಿಸುವವರು ಈ ತೂಕಗಳನ್ನು ತಾವೇ ಕೂತು ನಿರ್ಧರಿಸಬೇಕು, ಸಿದ್ಧ ಕೋಡ್ ಅದನ್ನು ಮಾಡಿಕೊಡುವುದಿಲ್ಲ.

ಇಷ್ಟಾದರೂ ಹೆಸರು ಹತ್ತಿರವಾಗಿ, ತಂದೆಯ ಅಥವಾ ಗಂಡನ ಹೆಸರು ದೂರವಾದ ಜೋಡಿಗಳನ್ನು ಪ್ರೋಗ್ರಾಮ್ ತಾನಾಗಿ ಸೇರಿಸುವುದಿಲ್ಲ. ಅವನ್ನು ಬೇರೆ ಹಾಳೆಯಲ್ಲಿ ಮುದ್ರಿಸುತ್ತದೆ, ಕಾರ್ಯದರ್ಶಿ ಆಯಾ ಮನೆಗೆ ಹೋಗಿ ಕೇಳಿ ಬರುತ್ತಾರೆ.